ಮಜ್ಜಿಗೆಯೂ ಕಾಯಿದೆಯೂ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ದೂರವಾಣಿಯಲ್ಲಿ ಕೇಳಿದಾಗ, ‘ಮರಳುಗಾಡಿನಲ್ಲಿ ಯುಗಾದಿ’ ಎಂದೋ ‘ಗಲ್ಫ್ ನಾಡಿನಲ್ಲಿ ಕನ್ನಡದ ಕಂಪು’ ಎಂದೋ ನಾನು ನಾಲ್ಕು ಪುಟ ಬರೆದುಕೊಟ್ಟೇನೆಂದು ಅವರು ಎಣಿಸಿದ್ದರು. ಅವರ ತಪ್ಪೇನೂ ಇಲ್ಲ. ಅಂಥ ಲೇಖನಗಳನ್ನು ನಾನೇ ಹಿಂದೆ ಬರೆದಿದ್ದೇನೆ. ಈ ಸಲ ಕಾಯಿದೆಯ ವಿಚಾರ ಬರೆಯುತ್ತೇನೆ ಎಂದಾಗ ಆ ಕಡೆಯಿಂದ ಒಂದು ಕ್ಷಣ ಮೌನ. “ವೀಸಾ ಕಾಯಿದೆಯೇ, ಮೇಡಂ?” ಎಂದರು. ಅಲ್ಲ ಎಂದೆ. ನಮ್ಮ ದೇಶದ ಸಂಸತ್ತಿನಲ್ಲಿ ಇನ್ನೂ ಹುಟ್ಟದೇ ಇರುವ ಒಂದು ಕಾಯಿದೆ; ಹವಾಮಾನ ಬದಲಾವಣೆಯನ್ನು ಕುರಿತ ಕಾಯಿದೆ. ಅಡುಗೆಮನೆಯಲ್ಲಿ ಆಯುಷ್ಯ ಕಳೆದವಳಿಗೆ ಈ ಉಸಾಬರಿ ಏಕೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ, ಇದು ನನಗೆ ಅಂಟಿಕೊಂಡದ್ದೇ ಅಡುಗೆಮನೆಯಿಂದ, ಒಂದು ಪಾತ್ರೆ ಮಜ್ಜಿಗೆಯಿಂದ ಎಂದು ಹೇಳುತ್ತಿದ್ದೆ.

1993ರಲ್ಲಿ ಮದುವೆಯಾಗಿ ಮಸ್ಕತ್ತಿಗೆ ಬಂದವಳು ನಾನು. 2006ರ ಬೇಸಿಗೆಯಲ್ಲಿ ಅಲ್ ಖುವೈರ್‌ನ ನಮ್ಮ ಬಾಡಿಗೆ ಮನೆಯ ಎದುರಿನ ಬಯಲಿನಲ್ಲಿ ಬಹುಮಹಡಿ ಕಟ್ಟಡವೊಂದು ಏಳತೊಡಗಿತು. ಜೂನ್ ತಿಂಗಳ ನಡುಮಧ್ಯಾಹ್ನ ಇಲ್ಲಿ ಹೊರಗೆ ಕಾಲಿಟ್ಟರೆ ಒಲೆಯ ಬಾಯಿಯೆದುರು ಮುಖವೊಡ್ಡಿದಂತಾಗುತ್ತದೆ. ಆ ಬಿಸಿಲಿನಲ್ಲಿ, ಕಾದ ಕಬ್ಬಿಣದ ಸರಳುಗಳನ್ನು ಬರಿಗೈಯಲ್ಲಿ ಹಿಡಿಯಲಾರದೆ ಗೋಣಿಚೀಲದ ತುಂಡು ಸುತ್ತಿಕೊಂಡು ಹದಿನಾಲ್ಕು ಮಂದಿ ದುಡಿಯುತ್ತಿದ್ದರು. ಅವರಲ್ಲೊಬ್ಬ ಕಿಟಕಿಯ ಕೆಳಗೆ ನಿಂತು ಊರಿಗೆ ದೂರವಾಣಿ ಮಾಡುವಾಗ ಕನ್ನಡ ಕಿವಿಗೆ ಬಿತ್ತು. ರಾಯಚೂರು ಕಡೆಯ ಗೌಂಡಿ. ಕನ್ನಡ ಕೇಳಿದ ಮೇಲೆ ಸುಮ್ಮನಿರಲಾದೀತೆ? ಅಂದಿನಿಂದ ದಿನವೂ ಹನ್ನೆರಡೂವರೆಗೆ ದೊಡ್ಡ ಪಾತ್ರೆಯಲ್ಲಿ ಶುಂಠಿ, ಕರಿಬೇವು, ಇಂಗು ಹಾಕಿದ ನೀರುಮಜ್ಜಿಗೆ ಮಾಡಿ ಗೇಟಿನ ಬಳಿ ಇಡತೊಡಗಿದೆ. ಹದಿನಾಲ್ಕು ಲೋಟ. ಅವರು ಕುಡಿದು, ಲೋಟ ತೊಳೆದು ಬೋರಲಿಟ್ಟು, ಮತ್ತೆ ಬಿಸಿಲಿಗೆ ಹೋಗುತ್ತಿದ್ದರು. ನನಗೋ, ಏನೋ ಮಹತ್ತಾದುದನ್ನು ಸಾಧಿಸಿದೆನೆಂಬ ಸಮಾಧಾನ. ಜುಲೈಯ ಒಂದು ಮಧ್ಯಾಹ್ನ ಒಬ್ಬ ಹುಡುಗ, ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು, ಮಜ್ಜಿಗೆ ಕುಡಿದು ಹೋಗಿ ಅರ್ಧ ಗಂಟೆಯೊಳಗೆ ಮರಳಿನ ರಾಶಿಯ ಮೇಲೆ ಕುಸಿದುಬಿದ್ದ. ಅವನನ್ನು ಎತ್ತಿಕೊಂಡು ಹೋದುದನ್ನು ಕಿಟಕಿಯಿಂದ ಕಂಡೆ. ಅವನು ಮರಳಿ ಆ ಕೆಲಸಕ್ಕೆ ಬರಲಿಲ್ಲ.

2008ರಲ್ಲಿ ಒಮಾನಿನ ಕಾರ್ಮಿಕ ಸಚಿವಾಲಯದ ಆಜ್ಞೆಯಲ್ಲಿ ಒಂದು ನಿಯಮ ಬಂದಿತು: ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರೂವರೆಯವರೆಗೆ ಬಯಲಿನಲ್ಲಿ ಯಾರಿಂದಲೂ ಕೆಲಸ ಮಾಡಿಸಕೂಡದು. ಮುಂದಿನ ಕಟ್ಟಡ ಏಳುವಾಗ ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಹನ್ನೆರಡೂವರೆಗೆ ಮೇಸ್ತ್ರಿ ಸೀಟಿ ಊದಿದ. ಸರಳುಗಳು ಕೆಳಗಿಳಿದವು. ಜನ ನೆಲಮಹಡಿಯ ನೆರಳಿನಲ್ಲಿ ರಟ್ಟು ಹಾಸಿಕೊಂಡು ಮುಖದ ಮೇಲೆ ಟವಲು ಎಳೆದುಕೊಂಡು ಮಲಗಿದರು. ನಿಯಮ ಮುರಿಯುವವರು ಇಲ್ಲವೇ ಇಲ್ಲವೆಂದು ನಾನು ಹೇಳಲಾರೆ. ಮುರಿದರೆ ದೂರು ಕೊಡಲು ಒಂದು ಜಾಗವಿದೆ, ದಂಡವಿದೆ. ಎರಡು ಬೇಸಿಗೆಯ ನನ್ನ ಮಜ್ಜಿಗೆ ಒಬ್ಬೊಬ್ಬನಿಗೆ ದಿನಕ್ಕೊಂದು ಲೋಟ ತಂಪು ಕೊಟ್ಟಿತ್ತು. ಒಂದು ಹಾಳೆಯ ಬರಹ ಇಡೀ ದೇಶದ ಬಿಸಿಲಾಳುಗಳಿಗೆ ಮೂರು ಗಂಟೆ ನೆರಳು ಕೊಟ್ಟಿತು.

ಬಿ.ಎ.ಯಲ್ಲಿ ನಾನು ರಾಜ್ಯಶಾಸ್ತ್ರ ಓದಿದವಳು. ಮೂಲಭೂತ ಹಕ್ಕುಗಳಿಗೂ ರಾಜ್ಯನೀತಿಯ ನಿರ್ದೇಶಕ ತತ್ವಗಳಿಗೂ ಇರುವ ವ್ಯತ್ಯಾಸವೇನು ಎಂಬ ಹತ್ತು ಅಂಕದ ಪ್ರಶ್ನೆ ನಮಗೆ ತಪ್ಪುತ್ತಲೇ ಇರಲಿಲ್ಲ. ಹಕ್ಕನ್ನು ನ್ಯಾಯಾಲಯದಲ್ಲಿ ಕೇಳಿ ಪಡೆಯಬಹುದು, ತತ್ವವನ್ನು ಕೇಳಲಾಗದು ಎಂದು ಬಾಯಿಪಾಠ ಬರೆದು ಅಂಕ ಗಳಿಸಿದ್ದೆ. 1976ರಲ್ಲಿ ನಾಲ್ವತ್ತೆರಡನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 48ಎ ವಿಧಿ, ರಾಜ್ಯವು ಪರಿಸರವನ್ನು ಕಾಪಾಡಲು ಯತ್ನಿಸತಕ್ಕದ್ದು ಎನ್ನುತ್ತದೆ. ಯತ್ನಿಸತಕ್ಕದ್ದು! ಆ ಪದದ ತೂಕವೆಷ್ಟೆಂಬುದು ನನಗೆ ತಿಳಿದದ್ದು ಪರೀಕ್ಷೆಯ ಕೋಣೆಯಲ್ಲಿ ಅಲ್ಲ, ಆ ಸೀಟಿಯ ಸದ್ದು ಕೇಳಿದಾಗ.

ರಾಯಚೂರಿನ ಆ ಗೌಂಡಿ ಕೆಲವು ವರ್ಷಗಳ ಅನಂತರ ಊರಿಗೆ ಮರಳಿದ. ಹಬ್ಬಕ್ಕೊಮ್ಮೆ ನಮ್ಮ ಮನೆಗೆ ಈಗಲೂ ದೂರವಾಣಿ ಮಾಡುತ್ತಾನೆ. ಒಂದು ಏಪ್ರಿಲಿನಲ್ಲಿ ಅವನೊಡನೆ ಮಾತಾಡುತ್ತ, ಮಧ್ಯಾಹ್ನ ಕೆಲಸ ನಿಲ್ಲಿಸುತ್ತೀರಷ್ಟೆ ಎಂದು ಕೇಳಿದೆ. ಅವನು ನಕ್ಕ. “ಅಲ್ರೀ ಅಕ್ಕಾರ, ನಮ್ಮೂರಾಗ ನಮಗ ಯಾರ್ ಸೀಟಿ ಊದ್ತಾರ್ರೀ?” ಎಂದ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಗಿನ ಎಂಟರಿಂದ ಮಧ್ಯಾಹ್ನ ಒಂದೂವರೆಗೆ ಬದಲಿಸುವ ರೂಢಿಯಿದೆ. ಒಳ್ಳೆಯದೇ. ಆದರೆ ಅದು ಪಂಕದ ಕೆಳಗೆ ಕೂರುವವರ ಗಡಿಯಾರ. ಆ ಕಚೇರಿಯ ಗೋಡೆಗೆ ಗಾರೆ ಬಳಿಯುವವನಿಗೆ ಅನ್ವಯಿಸುವುದಿಲ್ಲ. ಪರದೇಶದಲ್ಲಿ ಬಿಸಿಲಿನಿಂದ ರಕ್ಷಣೆ ಪಡೆದ ಕನ್ನಡಿಗ ತನ್ನ ಸ್ವಂತ ಊರಿನಲ್ಲಿ ಅದನ್ನು ಕಳೆದುಕೊಂಡನಲ್ಲ ಎಂಬ ಕೊರಗು ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಬಿಸಿಲು ನಾವು ಬಂದ ಹೊಸದರಲ್ಲೂ ಇತ್ತು, ನಿಜ. ಆದರೆ ಆಗ ರಾತ್ರಿಯಾದರೂ ಒಂದಿಷ್ಟು ಉಸಿರಾಡಗೊಡುತ್ತಿತ್ತು. 2018ರ ಜೂನ್ 26ರಂದು ಮಸ್ಕತ್ತಿನ ಆಗ್ನೇಯಕ್ಕಿರುವ ಕುರಿಯಾತ್ ಎಂಬ ಮೀನುಗಾರರ ಪಟ್ಟಣದಲ್ಲಿ ಉಷ್ಣಾಂಶ ಅತ್ಯಂತ ಕೆಳಗಿಳಿದಾಗಲೂ 42.6 ಡಿಗ್ರಿ ಇತ್ತು. ಇದು ಕನಿಷ್ಠ ಉಷ್ಣಾಂಶ ಎಂಬುದನ್ನು ಗಮನಿಸಿ. ನಡುರಾತ್ರಿಯ, ಬೆಳಗಿನ ಜಾವದ ಲೆಕ್ಕ. ಅಂಥ ರಾತ್ರಿ ಲೋಕದಲ್ಲಿ ಬೇರೆಲ್ಲೂ ದಾಖಲಾಗಿರಲಿಲ್ಲವೆಂದು ಪತ್ರಿಕೆಗಳು ಬರೆದವು. ಆ ವಾರ ನಮ್ಮ ಮಹಡಿಯ ಮೇಲಿನ ತೊಟ್ಟಿಯ ನೀರು ಬೆಳಗಿನ ನಾಲ್ಕಕ್ಕೂ ಸ್ನಾನಕ್ಕೆ ಕಾಸಿಟ್ಟಂತಿತ್ತು.

ಕಡಲೂ ಬದಲಾಗಿದೆ. ಈ ಕಡಲನ್ನು ಕುರಿತು ಸ್ವಲ್ಪ ಹೆಚ್ಚೇ ಹೇಳಬೇಕು. ನಾನು ಹುಟ್ಟಿ ಬೆಳೆದದ್ದು ಕರ್ನಾಟಕದ ಕರಾವಳಿಯಲ್ಲಿ. ಬಾಳಿದ್ದು ಅದೇ ಅರಬ್ಬಿ ಸಮುದ್ರದ ಆಚೆಯ ದಂಡೆಯಲ್ಲಿ. ಮದುವೆಯಾಗಿ ಹೊರಟಾಗ ನನ್ನ ತಾಯಿ, “ಹೆದರಬೇಡ ಮಗಳೇ, ಎದುರುಮನೆಗೆ ಹೋದಂತೆ, ನಡುವೆ ನೀರಿದೆ ಅಷ್ಟೆ” ಎಂದಿದ್ದಳು. 2007ರ ಜೂನ್ 5ರ ರಾತ್ರಿ ಆ ನೀರು ‘ಗೋನು’ ಎಂಬ ಹೆಸರಿನಲ್ಲಿ ಎದ್ದು ಬಂದಿತು. ಅರಬ್ಬಿ ಸಮುದ್ರದಲ್ಲಿ ಅದುವರೆಗೆ ದಾಖಲಾದ ಚಂಡಮಾರುತಗಳಲ್ಲೆಲ್ಲ ಪ್ರಬಲವಾದದ್ದು ಅದು. ವರ್ಷವಿಡೀ ಒಣಗಿ ಬಿದ್ದಿರುವ ಹಳ್ಳಗಳಿಗೆ ಇಲ್ಲಿ ‘ವಾದಿ’ ಎನ್ನುತ್ತಾರೆ. ಅವುಗಳ ಪಾತ್ರದಲ್ಲೇ ಜನ ಕಾರು ನಿಲ್ಲಿಸುವುದು, ಹುಡುಗರು ಚೆಂಡಾಡುವುದು. ಆ ರಾತ್ರಿ ವಾದಿಗಳು ಬೆಟ್ಟದಿಂದ ಬಂಡೆಗಳನ್ನು ಉರುಳಿಸಿಕೊಂಡು ಇಳಿದವು. ಅತ್ತ ಸಮುದ್ರ, ಇತ್ತ ವಾದಿ; ನಡುವೆ ಕುರುಮ್ ಬಡಾವಣೆ ಮುಳುಗಿತು. ಸುಮಾರು ಐವತ್ತು ಮಂದಿ ಒಮಾನಿನಲ್ಲಿ ಪ್ರಾಣ ಕಳೆದುಕೊಂಡರು. ನಮ್ಮ ಮನೆಯವರು ಕೆಲಸದ ಸ್ಥಳದಲ್ಲೇ ಸಿಕ್ಕಿಕೊಂಡು, ಎರಡು ದಿನ ಅವರು ಬದುಕಿದ್ದಾರೋ ಇಲ್ಲವೋ ತಿಳಿಯದೆ ಎರಡು ಮಕ್ಕಳನ್ನು ಅಪ್ಪಿ ಕುಳಿತಿದ್ದೆ. ಮಳೆ ನಿಂತ ಮೇಲೆ ಇನ್ನೊಂದು ಪಾಡು. ಮಸ್ಕತ್ತಿನ ನಲ್ಲಿಗಳಲ್ಲಿ ಬರುವುದು ಸಮುದ್ರದ ನೀರಿನಿಂದ ಉಪ್ಪು ತೆಗೆದ ನೀರು. ಆ ಏರ್ಪಾಡೇ ಕೆಟ್ಟು ನಲ್ಲಿ ಒಣಗಿತು. ಊರೆಲ್ಲ ಕೆಸರುನೀರು, ಕುಡಿಯಲು ಒಂದು ಲೋಟವಿಲ್ಲ. ಟ್ಯಾಂಕರಿನ ಮುಂದೆ ಕೊಡಪಾನ ಹಿಡಿದು ನಿಂತಾಗ ಪಕ್ಕದಲ್ಲಿ ಒಮಾನಿ ಅಜ್ಜಿಯೊಬ್ಬಳು ನಿಂತಿದ್ದಳು. ಭಾಷೆ ಬಾರದಿದ್ದರೂ ಇಬ್ಬರೂ ಒಂದೇ ರೀತಿ ತಲೆಯಾಡಿಸಿದೆವು.

ಗೋನು ನೂರು ವರ್ಷಕ್ಕೊಮ್ಮೆ ಬರುವಂಥದ್ದು ಎಂದು ಆಗ ಎಲ್ಲರೂ ಸಮಾಧಾನ ಹೇಳಿದರು. ಮೂರೇ ವರ್ಷಕ್ಕೆ, 2010ರಲ್ಲಿ, ‘ಫೆಟ್’ ಬಂದಿತು. 2018ರ ಮೇ ತಿಂಗಳಲ್ಲಿ ‘ಮೆಕುನು’ ಸಲಾಲಾವನ್ನು ಹೊಡೆಯಿತು. 2021ರ ಸೆಪ್ಟೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ‘ಗುಲಾಬ್’ ಎಂಬ ಚಂಡಮಾರುತ ಹುಟ್ಟಿ, ಆಂಧ್ರದ ಕಳಿಂಗಪಟ್ನದ ಬಳಿ ದಡ ಹತ್ತಿ, ದುರ್ಬಲವಾಗಿ ಭಾರತವನ್ನು ಅಡ್ಡಹಾಯ್ದು, ಅರಬ್ಬಿ ಸಮುದ್ರಕ್ಕಿಳಿದು ಮತ್ತೆ ಮೈತುಂಬಿಕೊಂಡಿತು. ಈ ಸಲ ಅದಕ್ಕೆ ‘ಶಹೀನ್’ ಎಂದು ಹೊಸ ಹೆಸರು. ಅಕ್ಟೋಬರ್ 3ರಂದು ಅದು ಒಮಾನಿನ ಬಾತಿನಾ ತೀರಕ್ಕೆ ಬಂದಪ್ಪಳಿಸಿತು. ಮಗಳು ತವರಿನಿಂದ ಹೊರಟು ಗಂಡನ ಮನೆ ತಲುಪಿದಂತೆ ಒಂದೇ ಮೋಡ ಎರಡು ದೇಶ ದಾಟಿ ಬಂದದ್ದನ್ನು ಭೂಪಟದ ಮೇಲೆ ಬೆರಳಿಟ್ಟು ನೋಡಿದೆ. ಅದೇ ವರ್ಷ ಮೇ ತಿಂಗಳಲ್ಲಿ ‘ತೌಕ್ತೆ’ ನಮ್ಮ ಕರಾವಳಿಯ ಮನೆಗಳನ್ನೂ ರಸ್ತೆಗಳನ್ನೂ ಕಡಲಿಗೆ ಸೆಳೆದುಕೊಂಡಿತ್ತು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2001ರಿಂದ 2019ರ ಅವಧಿಯಲ್ಲಿ ಅರಬ್ಬಿ ಸಮುದ್ರದ ಚಂಡಮಾರುತಗಳ ಸಂಖ್ಯೆ ಅದರ ಹಿಂದಿನ ಎರಡು ದಶಕಗಳಿಗಿಂತ ಶೇಕಡ 52ರಷ್ಟು ಹೆಚ್ಚಿತು. ಕಡಲು ಕಾದದ್ದೇ ಅದಕ್ಕೆ ಕಾರಣ. 2024ರ ಏಪ್ರಿಲ್ 14ರಂದು ಇಲ್ಲಿಯ ಸಮದ್ ಅಲ್ ಶಾನ್‌ನಲ್ಲಿ ಶಾಲಾ ಮಕ್ಕಳಿದ್ದ ವಾಹನವನ್ನು ವಾದಿ ಕೊಚ್ಚಿಕೊಂಡು ಹೋಯಿತು. ಮೂರು ತಿಂಗಳು ಕಳೆದು, ಜುಲೈ 16ರಂದು, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಚಹಾದಂಗಡಿಯೊಂದನ್ನು ಅಲ್ಲಿದ್ದವರ ಸಮೇತ ಗಂಗಾವಳಿಗೆ ನೂಕಿತು. ನನಗೆ ಎರಡೂ ಮನೆಯ ಸೂತಕ.

ಇಷ್ಟಾದರೂ ನಮ್ಮ ದೇಶದಲ್ಲಿ ಈ ವಿಷಯಕ್ಕೆ ಕಾಯಿದೆಯೊಂದಿಲ್ಲವೆ ಎಂದು ನೀವು ಕೇಳಬಹುದು, ನಾನೂ ಕೇಳಿದೆ. ಯೋಜನೆಗಳಿವೆ. 2008ರ ಜೂನ್ 30ರಂದು ಪ್ರಕಟವಾದ ರಾಷ್ಟ್ರೀಯ ಕ್ರಿಯಾಯೋಜನೆ ಇದೆ, ಅದರಡಿ ಎಂಟು ಅಭಿಯಾನಗಳಿವೆ. 2021ರ ನವೆಂಬರಿನಲ್ಲಿ ಗ್ಲಾಸ್ಗೊ ನಗರದಲ್ಲಿ ಪ್ರಧಾನಮಂತ್ರಿಗಳು 2070ರ ಹೊತ್ತಿಗೆ ದೇಶದ ನಿವ್ವಳ ಇಂಗಾಲ ಹೊರಸೂಸುವಿಕೆಯನ್ನು ಶೂನ್ಯಕ್ಕಿಳಿಸುವ ಮಾತು ಕೊಟ್ಟರು. ಕೆಲಸವೂ ಆಗಿದೆ, ಅದನ್ನು ಮರೆಮಾಚಿದರೆ ತಪ್ಪಾಗುತ್ತದೆ. ದೇಶದ ವಿದ್ಯುತ್ ಸ್ಥಾವರಗಳ ಒಟ್ಟು ಸಾಮರ್ಥ್ಯದಲ್ಲಿ ಅರ್ಧದಷ್ಟು ಕಲ್ಲಿದ್ದಲು, ಎಣ್ಣೆ, ಅನಿಲಗಳ ಹೊರತಾದ ಮೂಲಗಳಿಂದ ಬರಬೇಕೆಂದು 2030ಕ್ಕೆ ಇಟ್ಟುಕೊಂಡಿದ್ದ ಗುರಿಯನ್ನು 2025ರಲ್ಲೇ ಮುಟ್ಟಲಾಯಿತು. ಆದರೆ 2070 ಎಂಬ ಆ ಇಸವಿ ನಮ್ಮ ಯಾವ ಶಾಸನದಲ್ಲೂ ಇಲ್ಲ. ಕೊಟ್ಟ ಮಾತು ತಪ್ಪಿದರೆ ಯಾರು ಯಾರನ್ನು ಕೇಳಬೇಕು ಎಂಬುದು ಎಲ್ಲೂ ಬರೆದಿಲ್ಲ.

2024ರ ಮಾರ್ಚ್ 21ರಂದು ಸರ್ವೋಚ್ಚ ನ್ಯಾಯಾಲಯ ಒಂದು ತೀರ್ಪು ಕೊಟ್ಟಿತು. ಮೊಕದ್ದಮೆ ಒಂದು ಹಕ್ಕಿಯದು. ನಮ್ಮ ಬಳ್ಳಾರಿ ಸೀಮೆಯಲ್ಲಿ ಎರೆಭೂತ ಎನ್ನುವ, ಈಗ ಅಳಿವಿನಂಚಿನಲ್ಲಿರುವ ದೊಡ್ಡ ಹಕ್ಕಿ. ರಾಜಸ್ಥಾನ, ಗುಜರಾತುಗಳ ಬಯಲಿನಲ್ಲಿ ಸೌರ ವಿದ್ಯುತ್ತಿನ ತಂತಿಗಳಿಗೆ ಬಡಿದು ಅದು ಸಾಯುತ್ತದೆಂದು ಎಂ.ಕೆ. ರಂಜಿತ್‌ಸಿಂಹರು ಹೂಡಿದ ದಾವೆ. ಹಕ್ಕಿಯನ್ನೂ ಉಳಿಸಬೇಕು, ಸೌರ ವಿದ್ಯುತ್ತೂ ಬೇಕು ಎಂಬ ಇಕ್ಕಟ್ಟನ್ನು ಬಿಡಿಸುತ್ತ ನ್ಯಾಯಾಲಯ, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ರಕ್ಷಣೆ ಪಡೆಯುವುದು ಸಂವಿಧಾನದ 14 ಮತ್ತು 21ನೆಯ ವಿಧಿಗಳಲ್ಲಿ ಅಡಗಿರುವ ಹಕ್ಕು ಎಂದಿತು. ಈ ವಿಷಯಕ್ಕೆಂದೇ ಸಮಗ್ರವಾದ ಕಾನೂನು ನಮ್ಮಲ್ಲಿ ಇಲ್ಲವೆಂಬುದನ್ನೂ ಅದೇ ತೀರ್ಪು ಗುರುತಿಸಿತು. ಹಕ್ಕು ಇದೆ, ಅದನ್ನು ನಡೆಸಿಕೊಡುವ ಕಾನೂನು ಇಲ್ಲ. ಮನೆಯ ಪತ್ರ ಕೈಗೆ ಬಂದು ಬೀಗದ ಕೈ ಬಾರದಂತೆ.

ಬೀಗದ ಕೈ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಕರ್ನಾಟಕದ್ದೇ ಉದಾಹರಣೆ ಇದೆ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಲಾಯಿತು. ಪರಿಹಾರಕ್ಕೆ ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ತಿಂಗಳುಗಟ್ಟಲೆ ಕಾದು, ಕೊನೆಗೆ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ 2024ರ ಏಪ್ರಿಲ್ ಕೊನೆಯಲ್ಲಿ ಬಂದದ್ದು 3,454 ಕೋಟಿ. ಯಾರು ಸರಿ, ಯಾರು ತಪ್ಪು ಎಂಬ ಪಕ್ಷದ ಜಗಳಕ್ಕೆ ನಾನು ಇಳಿಯುವುದಿಲ್ಲ. ಇಷ್ಟು ಹಾನಿಗೆ ಇಷ್ಟು, ಇಂಥ ದಿನದೊಳಗೆ, ಎಂದು ಕಾಯಿದೆಯಲ್ಲೇ ಬರೆದಿದ್ದರೆ ರೈತನ ಒಣಗಿದ ಹೊಲ ದೆಹಲಿಯ ನ್ಯಾಯಾಲಯಕ್ಕೆ ಹೋಗಬೇಕಿತ್ತೇ?

ಕಾಯಿದೆ ಎಂದೊಡನೆ ನಮ್ಮವರಿಗೆ ಪೊಲೀಸು, ಲಂಚ, ದಫ್ತರ ನೆನಪಾಗುತ್ತದೆ. ಒಮಾನಿಗೆ ಬಂದವರು ನಿಜ್ವಾಕ್ಕೆ ಹೋಗಿ ಫಲಜ್ ದಾರಿಸ್ ಎಂಬ ಕಾಲುವೆಯನ್ನು ನೋಡಬೇಕು. ಬೆಟ್ಟದ ಬುಡದ ನೀರನ್ನು ನೆಲದೊಳಗಿಂದಲೇ ಇಳಿಜಾರಿನಲ್ಲಿ ಹರಿಸಿ ಖರ್ಜೂರದ ತೋಟಗಳಿಗೆ ತರುವ ಈ ಫಲಜ್‌ಗಳು ಸುಮಾರು ಮೂರು ಸಾವಿರ ಇಂದಿಗೂ ಹರಿಯುತ್ತಿವೆ. ದಾರಿಸ್ ಸೇರಿದಂತೆ ಐದನ್ನು ಯುನೆಸ್ಕೊ 2006ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ನಾನು ಬೆರಗಾದದ್ದು ಕಾಲುವೆಗಿಂತ ಅದರ ಕಟ್ಟಳೆಗೆ. ಕುಡಿಯುವ ನೀರು ಎಲ್ಲರಿಗೂ ಮೊದಲು, ಮೇಲ್ಭಾಗದಲ್ಲಿ, ಬೆಲೆಯಿಲ್ಲದೆ. ಆಮೇಲೆ ತೋಟಗಳಿಗೆ ಸರದಿ. ಸರದಿಯ ಅಳತೆ ‘ಅಥರ್’, ಎಂದರೆ ಸುಮಾರು ಅರ್ಧ ಗಂಟೆ. ಹಗಲಲ್ಲಿ ನೆಟ್ಟ ಕೋಲಿನ ನೆರಳು ನೋಡಿ, ರಾತ್ರಿಯಲ್ಲಿ ನಕ್ಷತ್ರ ನೋಡಿ ಹೊತ್ತು ಅಳೆಯುತ್ತಿದ್ದರು. ನೀರಿನ ಒಂದು ಪಾಲನ್ನು ಹರಾಜು ಹಾಕಿ ಬಂದ ಹಣದಲ್ಲಿ ಹೂಳೆತ್ತಿಸುತ್ತಾರೆ. ಇದನ್ನೆಲ್ಲ ನೋಡಿಕೊಳ್ಳುವವನಿಗೆ ‘ವಕೀಲ್’ ಎಂದು ಹೆಸರು. (ನಮ್ಮ ಕಡೆ ವಕೀಲರೆಂದರೆ ಬೇರೆಯೇ, ಬಿಡಿ.) ನಮ್ಮ ಕೆರೆಗಳಿಗೂ ನೀರುಗಂಟಿ ಇದ್ದನಲ್ಲ, ಯಾರ ಗದ್ದೆಗೆ ಎಷ್ಟು ಹೊತ್ತು ತೂಬು ಎತ್ತಬೇಕೆಂಬುದು ಗೌಡನ ಇಷ್ಟವಾಗಿರಲಿಲ್ಲ, ಕಟ್ಟಳೆಯಾಗಿತ್ತು. ಒಳ್ಳೆಯ ಮನಸ್ಸಿನವರು ಪ್ರತಿ ತಲೆಮಾರಿನಲ್ಲೂ ಹುಟ್ಟುತ್ತಾರೆಂದು ನಂಬಿ ಕುಳಿತಿದ್ದರೆ ನಿಜ್ವಾದ ನೀರು ಎಂದೋ ನಿಲ್ಲುತ್ತಿತ್ತು.

ಹೊಸ ಕಾಲದ ಕಟ್ಟಳೆಗೆ ಇಂಗ್ಲೆಂಡಿನ ಮಾದರಿ ಇದೆ. ಅಲ್ಲಿಯ ಸಂಸತ್ತು 2008ರಲ್ಲಿ ಹವಾಮಾನ ಬದಲಾವಣೆ ಕಾಯಿದೆಯನ್ನು ಮಾಡಿ, ಗುರಿಯನ್ನು ಶಾಸನದಲ್ಲೇ ಬರೆದು, ಸರ್ಕಾರದ ನಡೆಯನ್ನು ಪರಿಶೀಲಿಸಿ ಸಂಸತ್ತಿಗೆ ವರ್ಷವರ್ಷವೂ ವರದಿ ಕೊಡುವ ಸ್ವತಂತ್ರ ತಜ್ಞ ಸಮಿತಿಯೊಂದನ್ನು ನೇಮಿಸಿತು. ಅದನ್ನೇ ನಕಲು ಮಾಡಬೇಕೆಂದು ನಾನು ಹೇಳುವುದಿಲ್ಲ. ನಮ್ಮಲ್ಲಿ ಒಬ್ಬೊಬ್ಬನ ಪಾಲಿನ ಹೊಗೆ ಲೋಕದ ಸರಾಸರಿಯ ಅರ್ಧಕ್ಕೂ ಕಡಿಮೆ. ನಮ್ಮ ಕಾಯಿದೆಯ ಮೊದಲ ಅಧ್ಯಾಯ ಹೊಗೆಯದಾಗಿರಬೇಕಿಲ್ಲ, ನೆರಳಿನದಾಗಿರಲಿ. ಬಿಸಿಲಾಳಿಗೆ ಸೀಟಿ, ಗುಡ್ಡದ ಕೆಳಗಿನವನಿಗೆ ಮುನ್ಸೂಚನೆ, ಬೆಳೆ ಕಳೆದುಕೊಂಡವನಿಗೆ ಹೊತ್ತಿಗೆ ಸರಿಯಾಗಿ ಪರಿಹಾರ. ಹೊಗೆ ಎರಡನೆಯ ಅಧ್ಯಾಯ.

ಇದನ್ನೆಲ್ಲ ಕಳೆದ ರಜೆಯಲ್ಲಿ ಊರಿಗೆ ಹೋದಾಗ ತಮ್ಮನ ಮುಂದೆ ಹೇಳಿದೆ. ಅವನದು ಘಟ್ಟದ ಸೆರಗಿನಲ್ಲಿ ಅಡಿಕೆ ತೋಟ. ಊಟದ ಎಲೆಯ ಮುಂದೆಯೇ ಸಿಡಿದ. “ಅಕ್ಕಾ, ಮೂವತ್ತು ವರ್ಷ ಎಣ್ಣೆಯ ದುಡ್ಡಿನಲ್ಲಿ ಉಂಡವಳು ನೀನು. ಈಗ ನನ್ನ ತೋಟಕ್ಕೆ ಕಾಯಿದೆ ತರಬೇಕು ಅಂತೀಯಲ್ಲ, ಇದು ಯಾವ ನ್ಯಾಯ?” ಎಂದ. ನಮ್ಮ ಮನೆಯವರು ದುಡಿದದ್ದು ಒಳನಾಡಿನ ಎಣ್ಣೆಬಾವಿಗಳ ಗುತ್ತಿಗೆದಾರರೊಬ್ಬರ ಬಳಿ. ಒಮಾನಿನಿಂದ ಮೊದಲ ಎಣ್ಣೆಯ ಹಡಗು ಹೊರಟದ್ದು 1967ರ ಜುಲೈ 27ರಂದು. ಆ ಎಣ್ಣೆಯ ಋಣದಲ್ಲೇ ನನ್ನ ಮಕ್ಕಳು ಓದಿದ್ದಾರೆ, ತಮ್ಮನ ತೋಟಕ್ಕೆ ಬೋರ್‌ವೆಲ್ಲೂ ಬಿದ್ದಿದೆ. ಆ ರಾತ್ರಿ ಅವನಿಗೆ ಉತ್ತರ ಕೊಡಲಿಲ್ಲ. ಕೊಡಲು ಇರಲಿಲ್ಲ.

ಅವನ ಸಿಟ್ಟಿಗೆ ಇನ್ನೊಂದು ಕಾರಣವಿದೆ. ಪಶ್ಚಿಮ ಘಟ್ಟದ ರಕ್ಷಣೆಗೆಂದು ಮಾಧವ ಗಾಡ್ಗೀಳರ ಸಮಿತಿ 2011ರಲ್ಲಿ, ಕಸ್ತೂರಿರಂಗನ್‌ರ ಸಮಿತಿ 2013ರಲ್ಲಿ ವರದಿ ಕೊಟ್ಟವು. 2014ರಿಂದ 2024ರ ಜುಲೈ 31ರವರೆಗೆ ಕೇಂದ್ರ ಸರ್ಕಾರ ಆರು ಸಲ ಕರಡು ಅಧಿಸೂಚನೆ ಹೊರಡಿಸಿತು. ಕರ್ನಾಟಕವೊಂದರಲ್ಲೇ 20,668 ಚದರ ಕಿಲೋಮೀಟರು ಪರಿಸರ ಸೂಕ್ಷ್ಮ ಪ್ರದೇಶ ಎಂದು ಅದರಲ್ಲಿದೆ. ಪ್ರತಿ ಕರಡಿಗೂ ಊರಿನಲ್ಲಿ ಸಭೆ, ಪ್ರತಿಭಟನೆ, ರಾಜ್ಯದ ತಿರಸ್ಕಾರ, ಮೊದಲ ಐದು ಕರಡುಗಳ ಅವಧಿ ಹಾಗೆಯೇ ತೀರಿಹೋಯಿತು. ಹತ್ತು ವರ್ಷ ರೈತನೂ ನಿಶ್ಚಿಂತೆಯಿಂದ ನಿದ್ದೆ ಮಾಡಲಿಲ್ಲ, ಗುಡ್ಡವೂ ಉಳಿಯಲಿಲ್ಲ. ಮರುದಿನ ಬೆಳಿಗ್ಗೆ ಇದನ್ನೇ ಅವನಿಗೆ ಹೇಳಿದೆ. ಸಚಿವಾಲಯದ ಅಧಿಸೂಚನೆ ಬೇರೆ, ಸಂಸತ್ತಿನ ಕಾಯಿದೆ ಬೇರೆ. ಕಾಯಿದೆಯಾದರೆ ಮಸೂದೆ ಮಂಡನೆಯಾಗಬೇಕು, ಸಮಿತಿಗೆ ಹೋದರೆ ನೀನೂ ಅಹವಾಲು ಕಳಿಸಬಹುದು, ನಿನ್ನ ಸಂಸದರು ಎದ್ದು ನಿಂತು ಹೌದು ಅಥವಾ ಅಲ್ಲ ಎನ್ನಬೇಕು. ಅವನು ಮಾತಾಡದೆ ಬೋರ್ಡೋ ದ್ರಾವಣ ಕಲಸುತ್ತಿದ್ದ. ಮಳೆ ಒಂದೆರಡು ದಿನ ಬಿಡುವು ಕೊಟ್ಟರೆ ಕೊಳೆರೋಗಕ್ಕೆ ಔಷಧಿ ಹೊಡೆಯಬೇಕು. ಬಿಡುವೇ ಕೊಡದ ಮಳೆಗಾಲಗಳು ಈಗ ಹೆಚ್ಚು.

ಅನಿವಾಸಿಗಳಾದ ನಮ್ಮ ಮಾತಿಗೆ ಏನು ಬೆಲೆ ಎಂಬ ಪ್ರಶ್ನೆ ಉಳಿಯುತ್ತದೆ. ಗಲ್ಫಿನಲ್ಲಿರುವ ನಾವು ಅತಿಥಿಗಳು. ಇಲ್ಲಿಯ ಸರ್ಕಾರ 2022ರಲ್ಲಿ ತನ್ನ ಶೂನ್ಯದ ಗುರಿಯನ್ನು 2050ಕ್ಕೆ ಇಟ್ಟುಕೊಂಡಿದೆ. ಅದರ ಬಗ್ಗೆ ಹೇಳುವುದು ಒಮಾನಿಗಳ ಹಕ್ಕು. ನಮ್ಮ ಶಾಸಕರು ಇರುವುದು ಬೆಂಗಳೂರು, ದೆಹಲಿಗಳಲ್ಲಿ. 2010ರ ತಿದ್ದುಪಡಿಯಿಂದಾಗಿ ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿರುವ ಅನಿವಾಸಿಗಳು 6ಎ ನಮೂನೆ ತುಂಬಿ ತಮ್ಮ ಊರಿನ ಮತದಾರರ ಪಟ್ಟಿಗೆ ಸೇರಬಹುದು. ಮತ ಹಾಕಲು ಮಾತ್ರ ಆ ಊರಿನ ಮತಗಟ್ಟೆಗೇ ಹೋಗಬೇಕು. ವಿಮಾನದ ದರ ನೋಡಿದರೆ ಅಷ್ಟು ದುಬಾರಿ ಮತ ಲೋಕದಲ್ಲಿ ಬೇರೊಂದಿಲ್ಲ. ಪತ್ರ ಬರೆಯುವುದಕ್ಕೆ ಅಂಥ ಕಟ್ಟುಪಾಡಿಲ್ಲ. ಅಮೆರಿಕದಿಂದ ಬರುವ ಪ್ರತಿನಿಧಿಗಳಿಗೆ ತಮ್ಮದೇ ಸಂಸತ್ತು ಇದೆ. 2009ರ ಜೂನ್‌ನಲ್ಲಿ ವ್ಯಾಕ್ಸ್‌ಮನ್–ಮಾರ್ಕಿ ಮಸೂದೆ ಅಲ್ಲಿಯ ಪ್ರತಿನಿಧಿ ಸಭೆಯಲ್ಲಿ ಗೆದ್ದದ್ದು 219–212 ಮತಗಳಿಂದ. ಸೆನೆಟ್‌ನಲ್ಲಿ ಮತಕ್ಕೆ ಬರದೆಯೇ ಸತ್ತಿತು. 2022ರಲ್ಲಿ ಮಾಡಿದ ದೊಡ್ಡ ಕಾಯಿದೆಯ ಬಹುಪಾಲು ಸೌಲಭ್ಯಗಳನ್ನು 2025ರ ಇನ್ನೊಂದು ಕಾಯಿದೆ ಕತ್ತರಿಸಿತು. ಕಾಯಿದೆಯೂ ಶಾಶ್ವತವಲ್ಲ ಎಂದಾಯಿತು. ಆದರೂ ಅದನ್ನು ಕೆಡವಲು ಸದಸ್ಯರು ಹೆಸರು ಹೇಳಿ ಕೈ ಎತ್ತಬೇಕಾಯಿತು. ಯಾರು ಎತ್ತಿದರೆಂಬುದು ದಾಖಲೆಯಲ್ಲಿದೆ. ಯೋಜನೆಯನ್ನು ಕೈಬಿಡಲು ಒಂದು ಕಡತ ಮುಚ್ಚಿದರೆ ಸಾಕು.

ನಮ್ಮ ಲೋಕಸಭೆಯಲ್ಲೂ ಯತ್ನವಾಗದೆ ಇಲ್ಲ. 2022ರಲ್ಲಿ ಆಗ ಸದಸ್ಯರಾಗಿದ್ದ ಜಯಂತ್ ಸಿನ್ಹಾ ಅವರು ಶೂನ್ಯ ಇಂಗಾಲದ ಗುರಿಯನ್ನು ಶಾಸನವಾಗಿಸಲು ಖಾಸಗಿ ಸದಸ್ಯರ ಮಸೂದೆಯೊಂದನ್ನು ತಂದಿದ್ದರು. ಖಾಸಗಿ ಮಸೂದೆಗಳಿಗೆ ಶುಕ್ರವಾರದ ಕೊನೆಯ ಎರಡೂವರೆ ಗಂಟೆ ಮೀಸಲು. ಸ್ವಾತಂತ್ರ್ಯಾನಂತರ ಅಂಥ ಹದಿನಾಲ್ಕು ಮಸೂದೆಗಳಷ್ಟೇ ಕಾಯಿದೆಯಾಗಿವೆ, 1970ರಿಂದೀಚೆಗೆ ಒಂದೂ ಇಲ್ಲ. ಆದ್ದರಿಂದ ಸರ್ಕಾರವೇ ಮಸೂದೆ ತರುವಂತೆ ನಮ್ಮ ಸಂಸದರು ಒತ್ತಾಯಿಸಲಿ, ಬಂದರೆ ಬೆಂಬಲಿಸಲಿ ಎಂದು ಪತ್ರ ಬರೆಯಲು ಕುಳಿತೆ.

ಕನ್ನಡದಲ್ಲೇ ಬರೆದೆ. ಮೂರು ಬೇಡಿಕೆ: ಗುರಿ ಶಾಸನದಲ್ಲಿರಲಿ, ಸಂಸತ್ತಿಗೆ ವರದಿ ಕೊಡುವ ಸ್ವತಂತ್ರ ಸಮಿತಿ ಇರಲಿ, ಬಯಲಿನಲ್ಲಿ ದುಡಿಯುವವರಿಗೆ ಬಿಸಿಲಿನ ಹೊತ್ತು ಕಡ್ಡಾಯ ಬಿಡುವಿರಲಿ. ಮೂರನೆಯದರ ಕೆಳಗೆ ಮರಳಿನ ರಾಶಿಯ ಮೇಲೆ ಕುಸಿದ ಹುಡುಗನ ವಿಷಯವನ್ನೂ ಬರೆದೆ. ಪತ್ರವನ್ನು ಜಗಲಿಯ ಮೇಜಿನ ಮೇಲಿಟ್ಟು ಒಳಗೆ ಹೋಗಿ ಬರುವಷ್ಟರಲ್ಲಿ ತಮ್ಮ ಅದನ್ನು ಓದುತ್ತಿದ್ದ. ಏನೂ ಹೇಳದೆ ನನ್ನ ಪೆನ್ನು ತೆಗೆದುಕೊಂಡು ಕೆಳಗೆ ತನ್ನ ಕೈಬರಹದಲ್ಲಿ ನಾಲ್ಕನೆಯದನ್ನು ಸೇರಿಸಿದ: ಹವಾಮಾನ ಆಧಾರಿತ ಬೆಳೆ ವಿಮೆಗೆ ಲೆಕ್ಕ ಹಿಡಿಯುವ ಪಂಚಾಯಿತಿಯ ಮಳೆಮಾಪಕ ಕೆಟ್ಟು ನಿಂತರೆ ಅದರ ಹೊಣೆ ರೈತನ ಮೇಲೆ ಬೀಳಕೂಡದು, ಇದೂ ಕಾಯಿದೆಯಲ್ಲಿ ಇರಬೇಕು. ಸಹಿ ಹಾಕಿದ. “ಆ ಪಶ್ಚಿಮ ಘಟ್ಟದ ಕರಡಿಗೆ ನಾನು ಒಪ್ಪಿದೆ ಅಂತ ತಿಳೀಬೇಡ ಮತ್ತೆ” ಎಂದು ತೋಟಕ್ಕೆ ಇಳಿದುಹೋದ. ಆ ನಾಲ್ಕನೆಯ ಬೇಡಿಕೆ ನನ್ನ ತಲೆಗೆ ಎಂದೂ ಹೊಳೆಯುತ್ತಿರಲಿಲ್ಲ. ಪತ್ರ ಎರಡು ಕೈಬರಹದಲ್ಲೇ ರಿಜಿಸ್ಟರ್ ಅಂಚೆಯಲ್ಲಿ ಹೋಯಿತು. ತಲುಪಿದೆ ಎಂಬ ಉತ್ತರ ಮಸ್ಕತ್ತಿಗೆ ಮರಳಿದ ಮೇಲೆ ಬಂದಿತು.

ಸಮ್ಮೇಳನಕ್ಕೆ ನಾನು ಐವತ್ತು ಲಕೋಟೆಗಳನ್ನೂ ಕರ್ನಾಟಕದ ಇಪ್ಪತ್ತೆಂಟು ಲೋಕಸಭಾ ಕ್ಷೇತ್ರಗಳ ಸದಸ್ಯರ ವಿಳಾಸದ ಪಟ್ಟಿಯನ್ನೂ ತರುತ್ತಿದ್ದೇನೆ. ಎರಡನೆಯ ದಿನ ಮಧ್ಯಾಹ್ನ ಊಟದ ಸಾಲಿನ ಪಕ್ಕದಲ್ಲಿ ಒಂದು ಮೇಜು ಹಾಕಿಕೊಂಡು ಕುಳಿತಿರುತ್ತೇನೆ. ನನ್ನ ಪತ್ರವನ್ನು ನಕಲು ಮಾಡಬೇಡಿ. ನಿಮ್ಮ ಊರಿನ ಕೆರೆಯದೋ ಬಾವಿಯದೋ ತೋಟದ್ದೋ ಒಂದು ಮಾತು ಬರೆಯಿರಿ. ಪೆನ್ನು ಮರೆತು ಬಂದವರಿಗೆ ಪೆನ್ನು ಇದೆ. ವ್ಯವಸ್ಥಾಪಕರು ಒಪ್ಪಿದರೆ ಮಜ್ಜಿಗೆಯೂ ಇರುತ್ತದೆ.